ಇದ್ದೂ ಸಿಗದ ಪುಟಗಳು

ಜಾಲತಾಣವೊಂದರಲ್ಲಿ ಮಾಹಿತಿ ಇರುವುದು ಬೇರೆ, ಆ ಮಾಹಿತಿ ಬೇಕಾದವರಿಗೆ ಬೇಕಾದ ಹೊತ್ತಿನಲ್ಲಿ ಸಿಗುವುದು ಬೇರೆ. ಸರ್ಕಾರಿ ಇಲಾಖೆಗಳು, ವಿಶ್ವವಿದ್ಯಾಲಯಗಳು, ಪತ್ರಿಕೆಗಳು, ಸಂಘಸಂಸ್ಥೆಗಳು ಮತ್ತು ಹವ್ಯಾಸಿ ಬರಹಗಾರರು ಕಳೆದ ಎರಡೂವರೆ ದಶಕಗಳಲ್ಲಿ ಅಂತರಜಾಲಕ್ಕೆ ಏರಿಸಿರುವ ಕನ್ನಡ ಬರಹದ ರಾಶಿ ಸಣ್ಣದಲ್ಲ. ಆದರೆ ಅದರ ಒಂದು ದೊಡ್ಡ ಪಾಲು ಹುಡುಕುವವರ ಕಣ್ಣಿಗೆ ಬೀಳದೆ, ಬೀಗ ಹಾಕಿದ ಕಪಾಟಿನೊಳಗಿನ ಪುಸ್ತಕದಂತೆ ಇದ್ದಲ್ಲೇ ಉಳಿದಿದೆ. ಇದಕ್ಕೆ ಮದ್ದೆಂದು ಮಾರುಕಟ್ಟೆಯಲ್ಲಿ ‘ಎಸ್‌ಇಒ’ ಎಂಬ ಸೇವೆ ಮಾರಾಟವಾಗುತ್ತದೆ. ಪುಟಗಳು ಹುಡುಕುಯಂತ್ರಗಳಲ್ಲಿ, ಅಂದರೆ ಸರ್ಚ್ ಎಂಜಿನ್‌ಗಳಲ್ಲಿ, ಮೇಲಿನ ಸಾಲಿಗೆ ಬರುವಂತೆ ತಿದ್ದುವ ಕೆಲಸಕ್ಕೆ ಆ ಹೆಸರು. ಹಣ ಕೊಟ್ಟು ಅದನ್ನು ಕೊಳ್ಳುವ ಮುನ್ನ ಗಮನಿಸಬೇಕಾದ ಸಂಗತಿ ಒಂದಿದೆ: ಕನ್ನಡದ ಪುಟಗಳು ಸಿಗದಿರುವುದಕ್ಕೆ ಬಹುಪಾಲು ಕಾರಣ ತಂತ್ರಜ್ಞಾನದ ಕೊರತೆಯಲ್ಲ, ಅಕ್ಷರ ಮತ್ತು ಪದಗಳ ವಿಷಯದಲ್ಲಿ ತಾಣ ನಡೆಸುವವರು ತೋರುವ ಅಸಡ್ಡೆ.

ಹುಡುಕುಯಂತ್ರ ಓದುಗನು ಪ್ರಶ್ನೆ ಕೇಳಿದ ಮೇಲೆ ಅಂತರಜಾಲವನ್ನು ಜಾಲಾಡಲು ಹೊರಡುವುದಿಲ್ಲ. ಅದರ ಕ್ರಾಲರ್ ಎಂಬ ತಂತ್ರಾಂಶವು ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಕೊಂಡಿಗಳನ್ನು ಹಿಡಿದು ಸಾಗುತ್ತ ಮೊದಲೇ ಪುಟಗಳನ್ನು ಓದಿಟ್ಟುಕೊಂಡಿರುತ್ತದೆ, ಮತ್ತು ಓದಿದ ಪ್ರತಿಯೊಂದು ಪದಕ್ಕೂ ಅದು ಯಾವ ಯಾವ ಪುಟಗಳಲ್ಲಿ ಬಂದಿದೆ ಎಂಬ ಸೂಚಿಯನ್ನು ಸಿದ್ಧಪಡಿಸಿರುತ್ತದೆ. ಗ್ರಂಥವೊಂದರ ಕೊನೆಯಲ್ಲಿ ಅಕಾರಾದಿಯಾಗಿ ಕೊಡುವ ಪದಸೂಚಿಗೂ ಇದಕ್ಕೂ ತತ್ತ್ವದಲ್ಲಿ ವ್ಯತ್ಯಾಸವಿಲ್ಲ. ಓದುಗನು ಪದವೊಂದನ್ನು ಟೈಪ್ ಮಾಡಿದಾಗ ಯಂತ್ರ ತೆರೆದು ನೋಡುವುದು ಈ ಸೂಚಿಯನ್ನೇ. ಇತ್ತೀಚಿನ ಹುಡುಕುಯಂತ್ರಗಳು ಪದಗಳ ಹಿಂದಿನ ಅರ್ಥವನ್ನೂ ಊಹಿಸಲು ಯತ್ನಿಸುತ್ತವೆ ಎಂಬುದು ನಿಜವಾದರೂ, ಸೂಚಿಗೆ ಸೇರದ ಪುಟವನ್ನು ಯಾವ ಊಹೆಯೂ ಹೊರತೆಗೆಯಲಾರದು, ಮತ್ತು ಪುಟವು ಸೂಚಿಗೆ ಸೇರಬೇಕಾದರೆ ಅದರ ಅಕ್ಷರಗಳು ಯಂತ್ರಕ್ಕೆ ಅಕ್ಷರಗಳಾಗಿಯೇ ಕಾಣಬೇಕು.

ಕನ್ನಡದ ತೊಡಕು ಶುರುವಾಗುವುದು ಈ ಮೊದಲ ಮೆಟ್ಟಿಲಿನಲ್ಲೇ. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಶೇಖರಿಸುತ್ತದೆ. ಯಾವ ಅಕ್ಷರಕ್ಕೆ ಯಾವ ಅಂಕಿ ಎಂಬುದನ್ನು ಜಗತ್ತಿನ ಎಲ್ಲ ಲಿಪಿಗಳಿಗೂ ನಿಗದಿಪಡಿಸುವ ಒಪ್ಪಂದವೇ ಯೂನಿಕೋಡ್. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತಾದರೂ, ಸಾಮಾನ್ಯರ ಕಂಪ್ಯೂಟರುಗಳು ಅದನ್ನು ಸರಿಯಾಗಿ ತೋರಿಸುವಂತಾಗಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ನಡುಗಾಲದಲ್ಲಿ ಕನ್ನಡವನ್ನು ಕಂಪ್ಯೂಟರಿನಲ್ಲಿ ಬದುಕಿಸಿದ್ದು 1998ರಲ್ಲಿ ಬಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಮತ್ತು ಮುದ್ರಣಾಲಯಗಳ ತರಹೇವಾರಿ ತಂತ್ರಾಂಶಗಳು. ಅವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಅಂಕಿಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಇರುವ ಕಂಪ್ಯೂಟರಿನಲ್ಲಿ ಬರಹ ಅಂದವಾದ ಕನ್ನಡವಾಗಿಯೇ ಕಾಣುತ್ತಿತ್ತು, ಕಾಗದದ ಮೇಲೂ ಚೊಕ್ಕವಾಗಿ ಅಚ್ಚಾಗುತ್ತಿತ್ತು; ಆದರೆ ಒಳಗೆ ಶೇಖರವಾಗಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಾಲು. ಹುಡುಕುಯಂತ್ರಕ್ಕೆ ಫಾಂಟು ಕಾಣುವುದಿಲ್ಲ, ಅಂಕಿಗಳಷ್ಟೇ ಕಾಣುತ್ತವೆ. ಹೀಗಾಗಿ ಆ ಕಾಲದ ಪುಟಗಳು ಅದರ ಪಾಲಿಗೆ ಕನ್ನಡದ ಪುಟಗಳೇ ಅಲ್ಲ.

ಅಂಥ ಬರಹವನ್ನು ಯೂನಿಕೋಡಿಗೆ ತರಲು ಪರಿವರ್ತಕ ತಂತ್ರಾಂಶಗಳು ಬಂದವು, ಆದರೆ ಅವು ಎಡವುವ ಜಾಗವೊಂದು ಕನ್ನಡ ಲಿಪಿಯ ಸ್ವಭಾವದಲ್ಲೇ ಅಡಗಿದೆ. ಅರ್ಕಾವತ್ತು ಉಚ್ಚಾರದಲ್ಲಿ ವ್ಯಂಜನಕ್ಕಿಂತ ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅದರ ನಂತರ ಕೂರುತ್ತದೆ. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನು ಅನುಸರಿಸಿದರೆ, ಯೂನಿಕೋಡ್ ಉಚ್ಚಾರದ ಕ್ರಮವನ್ನು ಅನುಸರಿಸುತ್ತದೆ. ಈ ಹಿಂದುಮುಂದನ್ನು ಗಮನಿಸದ ಪರಿವರ್ತಕವು ‘ಕರ್ನಾಟಕ’ವನ್ನು ‘ಕನಾರ್ಟಕ’ ಎಂದೂ ‘ಧರ್ಮ’ವನ್ನು ‘ಧಮರ್’ ಎಂದೂ ‘ಕಾರ್ಯಕ್ರಮ’ವನ್ನು ‘ಕಾಯರ್ಕ್ರಮ’ ಎಂದೂ ಮಾಡಿಬಿಡುತ್ತದೆ. ಓದುವವರು ಒಂದು ಕ್ಷಣ ತಡವರಿಸಿ ಸರಿಯಾದ ಪದವನ್ನು ಊಹಿಸಿಕೊಂಡು ಮುಂದೆ ಸಾಗುತ್ತಾರೆ. ಸೂಚಿಗೆ ಆ ಔದಾರ್ಯವಿಲ್ಲ. ಅದು ‘ಕನಾರ್ಟಕ’ ಎಂಬ ಹೊಸ ನಾಡೊಂದನ್ನು ದಾಖಲಿಸಿಕೊಳ್ಳುತ್ತದೆ, ಮತ್ತು ಕರ್ನಾಟಕದ ಬಗ್ಗೆ ಹುಡುಕಿದವರಿಗೆ ಆ ಪುಟ ಸಿಗುವ ಭರವಸೆ ಉಳಿಯುವುದಿಲ್ಲ.

ಕಣ್ಣಿಗೆ ಕಾಣದ ತಪ್ಪುಗಳು ಇದಕ್ಕಿಂತ ಹೆಚ್ಚು ಮೋಸದವು. ಕನ್ನಡದ ಸೊನ್ನೆ ಎಂಬ ಅಂಕಿಯೂ ಅನುಸ್ವಾರವೂ ನೋಡಲು ಒಂದೇ ತೆರನಾದ ಸುತ್ತು. ಆದರೆ ಯೂನಿಕೋಡಿನಲ್ಲಿ ಅನುಸ್ವಾರದ ಸ್ಥಾನ 3202, ಸೊನ್ನೆಯದು 3302. ‘ಬೆಂಗಳೂರು’ ಎಂದು ಅನುಸ್ವಾರದಿಂದ ಬರೆದದ್ದನ್ನೂ ‘ಬೆ೦ಗಳೂರು’ ಎಂದು ಸೊನ್ನೆಯಿಂದ ಬರೆದದ್ದನ್ನೂ ಪಕ್ಕಪಕ್ಕದಲ್ಲಿಟ್ಟರೆ ಹಲವು ಫಾಂಟುಗಳಲ್ಲಿ ಕರಡು ತಿದ್ದುವ ಅನುಭವಿಗೂ ವ್ಯತ್ಯಾಸ ತಿಳಿಯುವುದು ಕಷ್ಟ, ಯಂತ್ರಕ್ಕೆ ಮಾತ್ರ ಇವೆರಡೂ ಬೇರೆ ಬೇರೆ ಪದಗಳು. ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ಎರಡು ಅಕ್ಷರಗಳ ನಡುವೆ ಇಡುವ ಅಗೋಚರ ಚಿಹ್ನೆಯ ಕಥೆಯೂ ಹೀಗೆಯೇ ಇದೆ. ‘ಸಾಫ್ಟ್‌ವೇರ್’ ಎಂದು ಬಿಡಿಸಿ ಬರೆಯಲು ಆ ಚಿಹ್ನೆ ಬೇಕು. ಅದಿಲ್ಲದಿದ್ದರೆ ಅದೇ ಪದ ‘ಸಾಫ್ಟ್ವೇರ್’ ಎಂದು ವಕಾರದ ಒತ್ತನ್ನು ಹೊತ್ತು ನಿಲ್ಲುತ್ತದೆ. ದೊಡ್ಡ ಹುಡುಕುಯಂತ್ರಗಳು ಇಂಥ ವ್ಯತ್ಯಾಸಗಳನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತವೆಯಾದರೂ, ತಾಣಗಳ ಒಳಗೇ ಇರುವ ಸಣ್ಣ ಹುಡುಕು ಪೆಟ್ಟಿಗೆಗಳಿಗೆ ಅಷ್ಟು ಜಾಣ್ಮೆ ಇರುವುದು ಅಪರೂಪ. ತಾಣ ಕಟ್ಟುವವರು ಹುಡುಕುವ ಪದದಿಂದಲೂ ಸೂಚಿಯಿಂದಲೂ ಅಗೋಚರ ಚಿಹ್ನೆಗಳನ್ನು ತೆಗೆದುಹಾಕಿ, ಪದದ ನಡುವೆ ಸಿಕ್ಕಿಕೊಂಡ ಸೊನ್ನೆಯನ್ನು ಅನುಸ್ವಾರವೆಂದೇ ಓದುವಂತೆ ಮಾಡುವುದು ಕೆಲವೇ ಸಾಲುಗಳ ಕೆಲಸ. ಹೇಳುವವರಿಲ್ಲದ್ದರಿಂದ ಅದು ನಡೆಯುವುದಿಲ್ಲ, ಅಷ್ಟೆ.

ಇನ್ನು, ಅಕ್ಷರಗಳೇ ಇಲ್ಲದ ಪುಟಗಳ ಮಾತು. ಸುತ್ತೋಲೆಯನ್ನು ಅಚ್ಚು ಹಾಕಿ, ಸಹಿ ಮಾಡಿಸಿ, ಮೊಹರು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಏರಿಸುವುದು ಕಚೇರಿಗಳಲ್ಲಿ ಬೇರೂರಿದ ಪದ್ಧತಿ. ಅದರೊಳಗಿರುವುದು ಬರಹವಲ್ಲ, ಬರಹದ ಚಿತ್ರ. ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ತಂತ್ರಾಂಶಗಳು ಕನ್ನಡಕ್ಕೂ ಇವೆ, ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡವನ್ನು ಓದಬಲ್ಲದು, ಆದರೂ ಮಸುಕಾದ ಪ್ರತಿ ಮತ್ತು ಒತ್ತಕ್ಷರಗಳ ಮುಂದೆ ಅವು ತಪ್ಪುವುದುಂಟು. ಕಂಪ್ಯೂಟರಿನಲ್ಲೇ ಟೈಪ್ ಮಾಡಿದ ಬರಹವನ್ನು ಕಾಗದಕ್ಕಿಳಿಸಿ, ಕಾಗದವನ್ನು ಚಿತ್ರವಾಗಿಸಿ, ಚಿತ್ರದಿಂದ ಅಕ್ಷರವನ್ನು ಮರಳಿ ಹೆಕ್ಕುವ ಈ ಪ್ರದಕ್ಷಿಣೆಗೆ ಬದಲಾಗಿ ಮೂಲ ಬರಹವನ್ನೇ ಪುಟದಲ್ಲಿ ಹಾಕಿ, ಸಹಿ ಇರುವ ಪ್ರತಿಯನ್ನು ಅದರ ಕೆಳಗೆ ಜೋಡಿಸಿದರೆ ಎರಡೂ ಉದ್ದೇಶಗಳು ಈಡೇರುತ್ತವೆ. ಚಿತ್ರವನ್ನೇ ಹಾಕಬೇಕಾದಾಗ ಅದರ ಜೊತೆಗೆ ವಿವರಣೆಯ ಸಾಲೊಂದನ್ನು ಬರೆಯಲು ಜಾಲಪುಟದ ಭಾಷೆಯಲ್ಲೇ ಅವಕಾಶವಿದೆ. ದೃಷ್ಟಿಯಿಲ್ಲದವರ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುವುದು ಆ ಸಾಲನ್ನೇ, ಹುಡುಕುಯಂತ್ರ ನೆಚ್ಚಿಕೊಳ್ಳುವುದೂ ಬಹುಪಾಲು ಅದನ್ನೇ.

ಅಕ್ಷರ ಸರಿಯಾದರೂ ಪದ ತಪ್ಪಿದರೆ ಪುಟ ಸಿಗದು, ಮತ್ತು ಈ ಎರಡನೆಯ ತೊಡಕೇ ಹೆಚ್ಚು ಆಳವಾದದ್ದು. ಮುಂಗಾರಿನಲ್ಲಿ ಅಡಿಕೆ ತೋಟಗಳನ್ನು ಕಾಡುವ ಕೊಳೆರೋಗವನ್ನೇ ತೆಗೆದುಕೊಳ್ಳಬಹುದು. ಫೈಟಾಫ್ತೊರ ಎಂಬ ಶಿಲೀಂಧ್ರಸದೃಶ ಜೀವಿಯಿಂದ ಬರುವ ಈ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣದ ಸಿಂಪಡಣೆ ಬಹುಕಾಲದಿಂದ ರೂಢಿಯಲ್ಲಿರುವ ಉಪಾಯ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಅದರ ಪ್ರಮಾಣ. ಮಳೆ ಹಿಡಿಯುವ ಮೊದಲು ಬೆಳೆಗಾರನಿಗೆ ಬೇಕಾದದ್ದು ಈ ಒಂದು ವಾಕ್ಯ. ಅವನು ಮೊಬೈಲಿನಲ್ಲಿ ಹುಡುಕುವುದು ‘ಅಡಿಕೆ ಕೊಳೆ ಔಷಧಿ’ ಎಂದು. ಅದೇ ಮಾಹಿತಿ ಇರುವ ಪುಟಕ್ಕೆ ‘ತೋಟಗಾರಿಕಾ ಬೆಳೆಗಳಲ್ಲಿ ಸಮಗ್ರ ಸಸ್ಯ ಸಂರಕ್ಷಣಾ ಕ್ರಮಗಳು’ ಎಂಬ ಶೀರ್ಷಿಕೆ ಇದ್ದರೆ, ಹುಡುಕಿದ ಮೂರು ಪದಗಳಲ್ಲಿ ಒಂದೂ ಆ ಶೀರ್ಷಿಕೆಯಲ್ಲಿಲ್ಲ. ದಕ್ಷಿಣ ಕನ್ನಡದ ಬೆಳೆಗಾರನಿಗಂತೂ ಆ ರೋಗ ‘ಮಹಾಳಿ’, ಔಷಧಿ ‘ಮದ್ದು’. ಪುಟ ಬರೆದ ತಜ್ಞನು ಶುದ್ಧವೂ ನಿಖರವೂ ಆದ ಕನ್ನಡವನ್ನೇ ಬರೆದಿರಬಹುದು. ಆದರೆ ಓದುಗನ ಬಾಯಲ್ಲಿ ಇಲ್ಲದ ಪದಗಳಿಂದ ಬರೆದ ಪುಟವು ಅವನಿಗೆ ಸಿಗುವುದು ಆಕಸ್ಮಿಕ.

ಒಂದೇ ವಸ್ತುವಿಗೆ ಸೀಮೆಗೊಂದು ಹೆಸರಿರುವುದು ಕನ್ನಡದ ಸಂಪತ್ತು, ಸೂಚಿ ಮಾಡುವವರ ತಲೆನೋವು. ಹಳೆಯ ಮೈಸೂರಿನ ಕಡಲೆಕಾಯಿ ಉತ್ತರ ಕರ್ನಾಟಕದಲ್ಲಿ ಶೇಂಗಾ, ಕರಾವಳಿಯಲ್ಲಿ ನೆಲಗಡಲೆ. ಮೆಕ್ಕೆಜೋಳವೇ ಮುಸುಕಿನ ಜೋಳ, ಅದೇ ಗೋವಿನಜೋಳ. ಜಮೀನಿನ ದಾಖಲೆಯನ್ನು ಒಂದು ಕಡೆ ಪಹಣಿ ಎಂದು ಕೇಳಿದರೆ ಇನ್ನೊಂದು ಕಡೆ ಉತಾರ ಎಂದು ಕೇಳುತ್ತಾರೆ, ಎರಡು ಕಡೆಯವರೂ ಆರ್‌ಟಿಸಿ ಎಂಬ ಇಂಗ್ಲಿಷ್ ಸಂಕ್ಷಿಪ್ತವನ್ನು ಬಲ್ಲರು. ಊರುಗಳ ಹೆಸರೂ ಇದಕ್ಕೆ ಹೊರತಲ್ಲ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಅಧಿಕೃತ ಹೆಸರು ಬದಲಾದಾಗ ಕಡತಗಳಲ್ಲಿ ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು; ಆದರೆ ಅದಕ್ಕೂ ಹಿಂದಿನ ಪುಟಗಳು ಹಳೆಯ ಹೆಸರಿನಲ್ಲೇ ಉಳಿದವು, ಮತ್ತು ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿನಿಂದಲೂ ಒಂದು ವಿಜಯಪುರ ಇರುವುದರಿಂದ ಹೊಸ ಗೊಂದಲವೊಂದು ಸೇರಿಕೊಂಡಿತು. ಇದಕ್ಕೆ ಪರಿಹಾರ ಅತ್ಯಂತ ಸರಳವಾದದ್ದು: ಪುಟದ ಮೊದಲ ಪರಿಚ್ಛೇದದಲ್ಲಿ ‘ಶೇಂಗಾ ಅಥವಾ ನೆಲಗಡಲೆ ಎಂದೂ ಕರೆಯುವ ಕಡಲೆಕಾಯಿ’ ಎಂದು ಒಮ್ಮೆ ಬರೆದರೆ ಮೂರು ಸೀಮೆಗಳ ಓದುಗರಿಗೂ ಬಾಗಿಲು ತೆರೆಯುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇದನ್ನು ಪುನರ್ನಿರ್ದೇಶನದ ಪುಟಗಳ ಮೂಲಕ ಸಾಧಿಸಲಾಗುತ್ತದೆ. ಪರ್ಯಾಯ ಹೆಸರಿಗೂ ಒಂದು ಪುಟವನ್ನು ಮಾಡಿ, ಅಲ್ಲಿಗೆ ಬಂದವರನ್ನು ಮುಖ್ಯ ಲೇಖನಕ್ಕೆ ಕಳುಹಿಸುವ ವ್ಯವಸ್ಥೆ ಅದು.

ಕನ್ನಡದ ವ್ಯಾಕರಣವೂ ಹುಡುಕುವಿಕೆಯಲ್ಲಿ ತನ್ನ ಪಾಲನ್ನು ಕೇಳುತ್ತದೆ. ಇಂಗ್ಲಿಷಿನಲ್ಲಿ ಬಿಡಿಯಾಗಿ ನಿಲ್ಲುವ ಸಂಬಂಧಸೂಚಕಗಳು ಇಲ್ಲಿ ನಾಮಪದಕ್ಕೇ ಅಂಟಿಕೊಂಡು ತೋಟವನ್ನು, ತೋಟದಿಂದ, ತೋಟಕ್ಕೆ, ತೋಟದ, ತೋಟದಲ್ಲಿ ಎಂದು ಒಂದೇ ಪದ ಹಲವು ವೇಷ ತೊಡುತ್ತದೆ. ಪ್ರತ್ಯಯವನ್ನು ಕಳಚಿ ಮೂಲ ಪದವನ್ನು ಹಿಡಿಯುವ ಕ್ರಿಯೆ ಇಂಗ್ಲಿಷಿಗೆ ಹೇಗೆಂದು ಮಾರ್ಟಿನ್ ಪೋರ್ಟರ್ 1980ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಪ್ರಸಿದ್ಧ. ಆದರೆ ಕನ್ನಡಕ್ಕೆ ಅದನ್ನು ಹಾಗೆಯೇ ಹೊಂದಿಸುವಂತಿಲ್ಲ, ಏಕೆಂದರೆ ಇಲ್ಲಿ ಪದದ ಬಾಲ ಮಾತ್ರವಲ್ಲ, ಸಂಧಿಯಾದಾಗ ತಲೆಯೂ ಬದಲಾಗುತ್ತದೆ. ಮಳೆ ಮತ್ತು ಕಾಲ ಕೂಡಿ ‘ಮಳೆಗಾಲ’ವಾದಾಗ, ಬೆಟ್ಟ ಮತ್ತು ತಾವರೆ ಕೂಡಿ ‘ಬೆಟ್ಟದಾವರೆ’ಯಾದಾಗ, ‘ಕಾಲ’ ಅಥವಾ ‘ತಾವರೆ’ ಎಂದು ಹುಡುಕುವ ಸರಳ ಯಂತ್ರಕ್ಕೆ ಅವು ಕಾಣಿಸುವುದೇ ಇಲ್ಲ. ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ಸಂಧಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ, ಇಂದು ಕನ್ನಡಕ್ಕೆ ಹುಡುಕುಯಂತ್ರ ಕಟ್ಟುವವರು ಆ ಪ್ರಕರಣವನ್ನು ಓದಿಯೇ ಮುಂದುವರಿಯಬೇಕಾಗುತ್ತದೆ. ಪುಟ ಬರೆಯುವವರು ಮಾಡಬಹುದಾದದ್ದು ಇಷ್ಟು: ಮುಖ್ಯ ಪದವನ್ನು ಒಮ್ಮೆಯಾದರೂ, ವಿಶೇಷವಾಗಿ ಶೀರ್ಷಿಕೆಯಲ್ಲಿ, ಪ್ರತ್ಯಯವಿಲ್ಲದೆ ಬಿಡಿಯಾಗಿ ಬಳಸುವುದು.

ಶೀರ್ಷಿಕೆಯ ಮಾತು ಬಂದಾಗ ಅದರ ಬೆಲೆ ಎಷ್ಟೆಂಬುದನ್ನು ತುಸು ವಿವರಿಸಬೇಕು. ಬ್ರಿಟಿಷ್ ವಿಜ್ಞಾನಿ ಕರೆನ್ ಸ್ಪಾರ್ಕ್ ಜೋನ್ಸ್ 1972ರ ಪ್ರಬಂಧದಲ್ಲಿ ಮಂಡಿಸಿದ ವಿಚಾರದ ಪ್ರಕಾರ ಒಂದು ಪದ ಎಷ್ಟು ಕಡಿಮೆ ಬರಹಗಳಲ್ಲಿ ಬರುತ್ತದೆಯೋ ಹುಡುಕುವಾಗ ಅದಕ್ಕೆ ಅಷ್ಟು ಹೆಚ್ಚು ತೂಕ; ಎಲ್ಲೆಡೆ ಬರುವ ಪದ ಯಾವುದನ್ನೂ ಬೇರ್ಪಡಿಸಿ ತೋರಿಸದು. ತಾಣವೊಂದರ ನೂರಾರು ಪುಟಗಳಿಗೂ ‘ಸುಸ್ವಾಗತ – ಮುಖಪುಟ’ ಎಂಬ ಒಂದೇ ಶೀರ್ಷಿಕೆ ಇದ್ದರೆ ಆ ಶೀರ್ಷಿಕೆಯ ತೂಕ ಸೊನ್ನೆಗೆ ಇಳಿದಂತೆಯೇ. ಕೊಂಡಿಗಳ ಮೇಲಿನ ಬರಹಕ್ಕೂ ಇದೇ ಮಾತು ಹೊಂದುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆಯ್ ಬ್ರಿನ್ 1998ರಲ್ಲಿ ಗೂಗಲ್ಲಿನ ರಚನೆಯನ್ನು ವಿವರಿಸಿದಾಗ, ಒಂದು ಪುಟಕ್ಕೆ ಇತರ ಪುಟಗಳಿಂದ ಬರುವ ಕೊಂಡಿಯನ್ನು ಮತದಂತೆ ಎಣಿಸುವುದರ ಜೊತೆಗೆ, ಆ ಕೊಂಡಿಯ ಮೇಲೆ ಬರೆದ ಪದಗಳನ್ನು ಅದು ತೋರಿಸುವ ಪುಟದ ವರ್ಣನೆ ಎಂದೂ ಪರಿಗಣಿಸಿದ್ದರು. ಕನ್ನಡ ತಾಣಗಳಲ್ಲಿ ಸಾವಿರಾರು ಕೊಂಡಿಗಳ ಮೇಲೆ ಇರುವ ಬರಹ ‘ಇಲ್ಲಿ ಕ್ಲಿಕ್ ಮಾಡಿ’. ಹೀಗೆ ಬರೆದವರು ತಮ್ಮ ಪುಟದ ಪರವಾಗಿ ನುಡಿಯಬಹುದಾದ ಸಾಕ್ಷಿಯ ಬಾಯನ್ನು ತಾವೇ ಕಟ್ಟಿದ್ದಾರೆ.

ಪುಟದ ವಿಳಾಸವೂ ಸ್ವಲ್ಪ ಯೋಚಿಸಬೇಕಾದ ವಿಷಯ. ವಿಳಾಸದಲ್ಲಿ ಕನ್ನಡ ಅಕ್ಷರಗಳನ್ನೇ ಬಳಸಬಹುದು, ಅದರಲ್ಲಿ ದೋಷವೇನಿಲ್ಲ. ಆದರೆ ಅದನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಕನ್ನಡದ ಪ್ರತಿ ಚಿಹ್ನೆಯೂ ಶೇಕಡಾ ಗುರುತುಗಳಿಂದ ಕೂಡಿದ 9 ಅಕ್ಷರಗಳಾಗಿ ಹಿಗ್ಗುವುದರಿಂದ ‘ಬೆಂಗಳೂರು’ ಎಂಬ ಒಂದು ಪದಕ್ಕೆ 72 ಅಕ್ಷರಗಳು ಬೇಕಾಗುತ್ತವೆ. ವಿಳಾಸ ಚಿಕ್ಕದಾಗಿರುವುದು ಒಳ್ಳೆಯದು, ಬದಲಾಗದಿರುವುದು ಅದಕ್ಕಿಂತ ಒಳ್ಳೆಯದು. ತಾಣವನ್ನು ಹೊಸದಾಗಿ ಕಟ್ಟಿಸಿದಾಗ ಹಳೆಯ ವಿಳಾಸಗಳನ್ನೆಲ್ಲ ಅಳಿಸಿಹಾಕಿ, ಇತರರು ವರ್ಷಗಟ್ಟಲೆ ಕೊಟ್ಟಿದ್ದ ಕೊಂಡಿಗಳು ‘404’ ಎಂಬ ಸಂಖ್ಯೆಯ ಮುಂದೆ ನಿಲ್ಲುವಂತೆ ಮಾಡುವುದು ಮನೆ ಬದಲಿಸಿ ಅಂಚೆಯವನಿಗೆ ತಿಳಿಸದಿದ್ದಂತೆ.

ಹುಡುಕುಯಂತ್ರದ ನೆರವಿಲ್ಲದೆ ತಾಣದೊಳಗೇ ದಾರಿ ಹಿಡಿದು ಬರುವವರೂ ಇರುತ್ತಾರೆ. ಇವರ ಅಗತ್ಯಗಳನ್ನು ಅಂತರಜಾಲಕ್ಕಿಂತ ಎಷ್ಟೋ ಮೊದಲೇ ಯೋಚಿಸಿದವರು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಅವರು, 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಓದುಗನ ಸಮಯವನ್ನು ಉಳಿಸುವುದನ್ನು ಒಂದು ಸೂತ್ರವಾಗಿಯೇ ಇಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗಾಗಿ ಕೇಂದ್ರವೊಂದನ್ನು ಸ್ಥಾಪಿಸಿ, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. 1933ರ ಅವರ ಕೋಲನ್ ವರ್ಗೀಕರಣದ ಮುಖ್ಯ ಹೊಳಹು ಎಂದರೆ, ಒಂದು ವಿಷಯವನ್ನು ಒಂದೇ ಗೂಡಿನಲ್ಲಿ ಬಂಧಿಸದೆ ಅದರ ಹಲವು ಮುಖಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಜೋಡಿಸುವುದು. ಈ ನೋಟದಿಂದ ನೋಡಿದರೆ ಕೊಳೆರೋಗದ ಪುಟಕ್ಕೆ ಬೆಳೆ ಅಡಿಕೆ, ಸಮಸ್ಯೆ ರೋಗ, ಪ್ರದೇಶ ಮಲೆನಾಡು ಮತ್ತು ಕರಾವಳಿ, ಕಾಲ ಮುಂಗಾರು ಎಂಬ ನಾಲ್ಕು ಮುಖಗಳಿದ್ದು, ನಾಲ್ಕರಲ್ಲಿ ಯಾವುದನ್ನು ಹಿಡಿದು ಬಂದರೂ ಓದುಗನು ಅಲ್ಲಿಗೇ ತಲುಪಬೇಕು. ಇಂದು ಜಾಲದಂಗಡಿಗಳಲ್ಲಿ ಬಣ್ಣ, ಅಳತೆ, ಬೆಲೆಗಳನ್ನು ಆರಿಸುತ್ತ ಸೀರೆಯನ್ನು ಹುಡುಕುವವರು ಬಳಸುವುದು ಇದೇ ತತ್ತ್ವದ ವ್ಯವಸ್ಥೆಯನ್ನು.

ಇದಕ್ಕೆ ತದ್ವಿರುದ್ಧವಾಗಿ ಎಷ್ಟೋ ತಾಣಗಳ ವಿಭಾಗಗಳು ಕಚೇರಿಯ ಕೊಠಡಿಗಳ ಕ್ರಮದಲ್ಲಿರುತ್ತವೆ: ಆಡಳಿತ ಶಾಖೆ, ಲೆಕ್ಕಪತ್ರ ಶಾಖೆ, ಯೋಜನಾ ಶಾಖೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಬಂದ ಹುಡುಗಿಗೆ ಅದು ಯಾವ ಶಾಖೆಯ ಕೆಲಸ ಎಂಬುದು ತಿಳಿಯಬೇಕಾದ ಅಗತ್ಯವಾದರೂ ಏನು? ಜೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದ ಪೀಟರ್ ಪಿರೊಲಿ ಮತ್ತು ಸ್ಟುವರ್ಟ್ ಕಾರ್ಡ್ ಕಳೆದ ಶತಮಾನದ ಕೊನೆಯ ದಶಕದಲ್ಲಿ ಮಾಹಿತಿ ಹುಡುಕುವವರನ್ನು ಆಹಾರ ಅರಸುವ ಪ್ರಾಣಿಗಳಿಗೆ ಹೋಲಿಸಿ, ಅವರು ಮಾಹಿತಿಯ ‘ವಾಸನೆ’ ಹಿಡಿದು ಮುನ್ನಡೆಯುತ್ತಾರೆ, ವಾಸನೆ ಕ್ಷೀಣಿಸಿದಾಗ ಆ ಜಾಗ ಬಿಟ್ಟು ಹೋಗುತ್ತಾರೆ ಎಂದು ತೋರಿಸಿದರು. ನಾಲ್ಕು ಬಾರಿ ಒತ್ತಬೇಕಾಗಿ ಬಂದರೂ ಪ್ರತಿ ಹೆಜ್ಜೆಯಲ್ಲೂ ಹತ್ತಿರವಾಗುತ್ತಿರುವುದು ಖಚಿತವಾಗಿದ್ದರೆ ಜನ ಮುಂದುವರಿಯುತ್ತಾರೆ. ‘ಇತರೆ’ ಎಂಬ ವಿಭಾಗದ ಎದುರು ಆ ಖಚಿತತೆ ಕರಗಿಹೋಗುತ್ತದೆ. ನಿಜಕ್ಕೂ, ತಾಣವೊಂದರ ‘ಇತರೆ’ ವಿಭಾಗ ಎಷ್ಟು ಉಬ್ಬಿದೆ ಎಂಬುದನ್ನು ನೋಡಿಯೇ ಅದನ್ನು ಕಟ್ಟಿದವರು ಎಷ್ಟು ಯೋಚಿಸಿದ್ದಾರೆಂದು ಹೇಳಿಬಿಡಬಹುದು.

ಯಂತ್ರದ ಕಡೆಯ ಕೆಲಸಗಳು ಇದಕ್ಕೆ ಹೋಲಿಸಿದರೆ ಚಿಕ್ಕವು. ತಾಣದ ಎಲ್ಲ ಪುಟಗಳ ವಿಳಾಸಗಳನ್ನು ಪಟ್ಟಿ ಮಾಡಿ ಕ್ರಾಲರ್‌ಗೆ ಒಪ್ಪಿಸುವ ಸೈಟ್‌ಮ್ಯಾಪ್ ಎಂಬ ಕಡತದ ಪದ್ಧತಿಯನ್ನು 2005ರಲ್ಲಿ ಗೂಗಲ್ ಆರಂಭಿಸಿತು, ಮರುವರ್ಷ ಯಾಹೂ ಮತ್ತು ಮೈಕ್ರೋಸಾಫ್ಟ್ ಅದನ್ನು ಒಪ್ಪಿಕೊಂಡವು. ಯಾವ ಪುಟಗಳನ್ನು ಓದಬಾರದೆಂದು ಕ್ರಾಲರ್‌ಗೆ ಹೇಳುವ ‘ರೋಬೋಟ್ಸ್’ ಕಡತ 1994ರಿಂದಲೇ ಬಳಕೆಯಲ್ಲಿದೆ. ತಾಣ ಕಟ್ಟುವ ಹಂತದಲ್ಲಿ ಯಾರೂ ನೋಡದಿರಲೆಂದು ಆ ಕಡತದಲ್ಲಿ ಬರೆದ ಒಂದೇ ಸಾಲನ್ನು ಉದ್ಘಾಟನೆಯ ಗಡಿಬಿಡಿಯಲ್ಲಿ ಅಳಿಸಲು ಮರೆತರೆ ಇಡೀ ತಾಣವೇ ಕ್ರಾಲರ್‌ಗಳ ಪಾಲಿಗೆ ಮುಚ್ಚಿದ ಬಾಗಿಲಾಗುತ್ತದೆ, ಮುಖಪುಟದಲ್ಲಿ ಎಷ್ಟೇ ತಳಿರುತೋರಣ ಕಟ್ಟಿದ್ದರೂ.

ಎಲ್ಲಕ್ಕಿಂತ ಉಪಯುಕ್ತವಾದ, ಆದರೆ ಹೆಚ್ಚಿನವರು ತೆರೆದೂ ನೋಡದ ದಾಖಲೆಯೊಂದು ತಾಣದ ಒಳಗೇ ಇದೆ. ಹುಡುಕು ಪೆಟ್ಟಿಗೆಯಲ್ಲಿ ಜನ ಏನನ್ನು ಬರೆದರು, ಅದರಲ್ಲಿ ಯಾವುದಕ್ಕೆ ಫಲಿತಾಂಶವೇ ಸಿಗಲಿಲ್ಲ ಎಂಬುದನ್ನು ತಾಣದ ತಂತ್ರಾಂಶ ಬರೆದಿಡುವಂತೆ ಮಾಡಬಹುದು, ಮತ್ತು ಓದುಗರ ನಿಜವಾದ ಪದಕೋಶ ತಯಾರಾಗುವುದು ಆ ವಿಫಲ ಹುಡುಕಾಟಗಳ ಪಟ್ಟಿಯಲ್ಲೇ. ಅಲ್ಲಿ ‘ಉತಾರ’ ಎಂಬ ಪದ ಮತ್ತೆ ಮತ್ತೆ ಬಂದಿದ್ದರೆ, ಪಹಣಿಯ ಪುಟಕ್ಕೆ ಆ ಪದವನ್ನು ಸೇರಿಸಲು ತಜ್ಞರ ಸಮಿತಿಯೇನೂ ಬೇಕಾಗಿಲ್ಲ. ತಿಂಗಳಿಗೊಮ್ಮೆ ಒಬ್ಬ ಸಿಬ್ಬಂದಿ ಅರ್ಧ ದಿನ ಕೂತು ಈ ಪಟ್ಟಿಯನ್ನು ಓದಿ ಪುಟಗಳನ್ನು ತಿದ್ದಿದರೆ ಆಗುವ ಪ್ರಯೋಜನ ದುಬಾರಿ ಮರುವಿನ್ಯಾಸದಿಂದಲೂ ಆಗಲಾರದು.

ಕನ್ನಡದಲ್ಲಿ ತಾಣ ನಡೆಸುವವರು ಇಂದೇ ತಮ್ಮ ತಾಣದ ಹುಡುಕು ಪೆಟ್ಟಿಗೆಯಲ್ಲಿ ‘ಕನಾರ್ಟಕ’ ಎಂದು ಒಮ್ಮೆ ಟೈಪ್ ಮಾಡಿ ನೋಡಲಿ. ಬರುವ ಪುಟಗಳೆಷ್ಟೋ ತಿದ್ದಬೇಕಾದ ಪುಟಗಳು ಕನಿಷ್ಠ ಅಷ್ಟು.